ಸ್ಪೀಕರಿಗೆ ಬ್ಲೇಡು, ಟೇಪಿಗೆ ಕತ್ತರಿ

ಚಿಕ್ಕಪ್ಪ: ವಾದ ಶುರು ಮಾಡೋಕೆ ಮೊದಲು ಗಡಿ ಹಾಕ್ಕೊಳ್ಳೋಣ. ಬ್ರಿಟನ್ನಿನ ಬ್ಯಾಂಡು, ಅರವತ್ತರ ದಶಕ. ಕೊನೇ ಗಳಿಗೇಲಿ ಲೆಡ್ ಝೆಪೆಲಿನ್ ತಂದು ತುರುಕೋ ಹಾಗಿಲ್ಲ.

ಹುಡುಗಿ: ಅವರ ಮೊದಲ ಎರಡು ಆಲ್ಬಮ್ಮೂ 1969ರವೇ ಅಲ್ವಾ ಚಿಕ್ಕಪ್ಪ?

ಚಿಕ್ಕಪ್ಪ: ಬಿತ್ತಿದ್ದು 69ರಲ್ಲಿ, ಕುಯ್ದದ್ದು ಎಪ್ಪತ್ತರಲ್ಲಿ. ಪಿಂಕ್ ಫ್ಲಾಯ್ಡೂ ಅಷ್ಟೆ. ಹೆಂಡ್ರಿಕ್ಸ್ ಅಂತೀಯೇನೋ. ಬ್ಯಾಂಡು ಕಟ್ಟಿದ್ದು ಲಂಡನ್ನಲ್ಲೇ, ಅಕ್ಕಪಕ್ಕ ನಿಂತಿದ್ದ ಇಬ್ಬರೂ ಇಂಗ್ಲಿಷರೇ, ಆದ್ರೆ ಅವನು ಸಿಯಾಟಲ್‌ನವನು. ಬಿಡು.

ಹುಡುಗಿ: ಹಾಗಾದ್ರೆ ಕಣದಲ್ಲಿ ಉಳಿಯೋದು ನಾಲ್ಕು. ಬೀಟಲ್ಸ್, ರೋಲಿಂಗ್ ಸ್ಟೋನ್ಸ್, ದಿ ಹೂ, ಕಿಂಕ್ಸ್. ನನ್ನ ಉತ್ತರ ನಿಮಗೆ ಗೊತ್ತಿರೋದೇ.

ಚಿಕ್ಕಪ್ಪ: ನಂದೂ ನಿನಗೆ ಗೊತ್ತಿರೋದೇ. ಕಿಂಕ್ಸ್.

ಹುಡುಗಿ: ಕಾರಣ ಹೇಳಿ. ಹುಡುಗನಾಗಿದ್ದಾಗ ರೇಡಿಯೋ ಸಿಲೋನ್‌ನಲ್ಲಿ ಕೇಳಿ ಮರುಳಾದೆ ಅನ್ನೋದು ಕಾರಣ ಆಗಲ್ಲ.

ಚಿಕ್ಕಪ್ಪ: ಕಾರಣಾನೇ ಹೇಳ್ತೀನಿ, ಕೂತ್ಕೋ. ಅರವತ್ತರ ಮೊದಲ ಭಾಗದಲ್ಲಿ ಆ ದೇಶದ ಹುಡುಗರೆಲ್ಲ ಹಾಡ್ತಾ ಇದ್ದದ್ದು ಯಾರ ಗಂಟಲಲ್ಲಿ? ಅಮೆರಿಕದವರ ಗಂಟಲಲ್ಲಿ. ಮಿಕ್ ಜ್ಯಾಗರ್, ಕೀತ್ ರಿಚರ್ಡ್ಸ್ ದೊಡ್ಡವರಾದ ಮೇಲೆ ಮತ್ತೆ ಭೇಟಿಯಾದದ್ದು 1961ರಲ್ಲಿ, ಡಾರ್ಟ್‌ಫರ್ಡ್ ರೈಲ್ವೆ ನಿಲ್ದಾಣದಲ್ಲಿ. ಜ್ಯಾಗರ್ ಕಂಕುಳಲ್ಲಿ ಮಡ್ಡಿ ವಾಟರ್ಸ್, ಚಕ್ ಬೆರಿ ರೆಕಾರ್ಡು. ಮಾತು ಬೆಳೆದದ್ದೇ ಆ ರೆಕಾರ್ಡಿಂದ. ಲಂಡನ್ ಪಕ್ಕದ ಊರಿನ ಹುಡುಗರು ಮಿಸಿಸಿಪ್ಪಿ ಗದ್ದೆ ಬದುವಿನ ದುಃಖ ಹಾಡೋಕೆ ಹೊರಟರು. ತಪ್ಪು ಅಂತಲ್ಲ, ಎಲ್ಲರೂ ಹಾಗೇ ಕಲಿಯೋದು. ನನ್ನ ಪ್ರಶ್ನೆ ಇಷ್ಟೇ: ಎರವಲು ಗಂಟಲನ್ನ ವಾಪಸ್ ಕೊಟ್ಟು ಸ್ವಂತ ಬೀದಿ ಬಗ್ಗೆ ಸ್ವಂತ ಉಚ್ಚಾರಣೇಲಿ ಹಾಡಿದವರು ಯಾರು? ಅದಕ್ಕೆ ಕಿಂಕ್ಸ್‌ನ ಎದುರು ನಿಲ್ಲೋರು ಯಾರೂ ಇಲ್ಲ.

ಹುಡುಗಿ: ಅವರಿಗೆ ಹೆಸರು ಬಂದದ್ದೇ ಎರವಲು ರಾಗದಿಂದ. ‘ಯೂ ರಿಯಲಿ ಗಾಟ್ ಮಿ’ ಕೇಳಿದ್ರೆ ಅದರಲ್ಲಿ ಲಂಡನ್ ಎಲ್ಲಿದೆ?

ಚಿಕ್ಕಪ್ಪ: ಆ ಸದ್ದಲ್ಲಿ ಇದೆ. 1964. ಎರಡು ಸಿಂಗಲ್ ಬಂದು ಎರಡೂ ಮಕಾಡೆ ಮಲಗಿವೆ. ಮೂರನೇದೂ ಬಿದ್ರೆ ಕಂಪನಿ ಕೈಬಿಡೋ ಹೊತ್ತು. ಅಣ್ಣ ರೇ ಡೇವಿಸ್ ಹಾಡು ಕಟ್ಟಿದ್ದಾನೆ, ತಮ್ಮ ಡೇವ್‌ಗೆ ಆಗ ಹದಿನೇಳು. ಅವನ ಹತ್ರ ಎಲ್ಪಿಕೋ ಅಂತ ಒಂದು ಅಗ್ಗದ ಸಣ್ಣ ಆಂಪ್ಲಿಫೈಯರ್. ಅದರ ಸದ್ದು ಅವನಿಗೆ ಸಪ್ಪೆ ಅನ್ನಿಸ್ತು. ಗಡ್ಡ ಹೆರೆಯೋ ಬ್ಲೇಡು ತಗೊಂಡು ಸ್ಪೀಕರಿನ ಕಾಗದಕ್ಕೆ ಗೀರು ಹಾಕಿದ. ಹರಿದ ಕಾಗದ ಪರಪರ ಅಂತ ನಡುಗೋಕೆ ಶುರುವಾಯ್ತು. ಅದನ್ನ ಒಂದು ದೊಡ್ಡ ವಾಕ್ಸ್ ಆಂಪ್ಲಿಫೈಯರಿಗೆ ಜೋಡಿಸಿದ. ಆ ವರ್ಷ ಸೆಪ್ಟೆಂಬರಲ್ಲಿ ಹಾಡು ಇಂಗ್ಲೆಂಡಲ್ಲಿ ಒಂದನೇ ಸ್ಥಾನ.

ಹುಡುಗಿ: ಆ ಗೀರಿಗೆ ನಾನೂ ತಲೆಬಾಗ್ತೀನಿ. ಈಗ ನಮ್ಮ ಕಂಪ್ಯೂಟರಲ್ಲಿ ಡಿಸ್ಟಾರ್ಶನ್ನಿಗೆ ಅಂತ ಹತ್ತಾರು ಪ್ಲಗಿನ್ ಇವೆ. ಎಲ್ಲದರ ಕೆಲಸಾನೂ ಅದೇ, ಆ ಬ್ಲೇಡಿನ ಗೀರನ್ನ ಲೆಕ್ಕಾಚಾರದಿಂದ ತೋರಿಸೋದು. ಮರುವರ್ಷ ಸ್ಟೋನ್ಸ್ ‘ಸ್ಯಾಟಿಸ್ಫ್ಯಾಕ್ಷನ್’ ಮಾಡುವಾಗ ರಿಚರ್ಡ್ಸ್ ಕಾಲಡಿ ಗಿಬ್ಸನ್ ಕಂಪನಿಯ ಫಝ್ ಬಾಕ್ಸ್ ಇತ್ತು. ಕಾರ್ಖಾನೇಲಿ ತಯಾರಾದ ಪರಪರ.

ಚಿಕ್ಕಪ್ಪ: ನೋಡು, ನೀನೇ ಒಪ್ಕೊಂಡೆ.

ಹುಡುಗಿ: ಒಂದು ಸದ್ದಿಗೆ ಒಪ್ಕೊಂಡೆ. ಬೀಟಲ್ಸ್ ಮಾಡಿದ್ದು ಒಂದು ಸದ್ದನ್ನಲ್ಲ ಚಿಕ್ಕಪ್ಪ, ಸದ್ದು ಹಿಡಿಯೋ ಕೋಣೆನೇ ಒಂದು ವಾದ್ಯ ಮಾಡಿಬಿಟ್ರು. 1963ರ ಫೆಬ್ರವರಿ 11ರಂದು ಮೊದಲ ಆಲ್ಬಮ್ಮಿನ ಹತ್ತು ಹಾಡನ್ನ ಒಂದೇ ದಿನದಲ್ಲಿ ಮುಗಿಸಿದ್ರು. ಲೆನನ್‌ಗೆ ನೆಗಡಿ. ಗಂಟಲು ಹೋಗಿಬಿಡುತ್ತೆ ಅಂತ ‘ಟ್ವಿಸ್ಟ್ ಅಂಡ್ ಶೌಟ್’ ಕಟ್ಟಕಡೆಗೆ ಇಟ್ಕೊಂಡ್ರು. ಅಲ್ಲಿವರೆಗೆ ಸ್ಟುಡಿಯೋ ಅಂದ್ರೆ ಫೋಟೋ ತೆಗೆಯೋ ಜಾಗ ಇದ್ದ ಹಾಗೆ. ಹೋಗು, ನಿಂತ್ಕೋ, ತೆಗೆಸ್ಕೋ, ಬಾ. ಮೂರೇ ವರ್ಷಕ್ಕೆ, 1966ರ ಏಪ್ರಿಲಲ್ಲಿ, ಅದೇ ಅಬ್ಬೆ ರೋಡ್ ಕಟ್ಟಡದಲ್ಲಿ ‘ಟುಮಾರೋ ನೆವರ್ ನೋಸ್’. ಮೆಕಾರ್ಟ್ನಿ ಮನೇಲಿ ಟೇಪಿನ ತುಂಡುಗಳನ್ನ ಬಳೆ ಹಾಗೆ ಅಂಟಿಸಿಕೊಂಡು ಬಂದಿದ್ದ. ಬೇರೆ ಬೇರೆ ಕೋಣೆಗಳ ಟೇಪ್ ಮೆಷಿನ್‌ಗಳಿಗೆ ಅವನ್ನ ಏರಿಸಿದ್ರು. ಟೇಪು ಸಡಿಲ ಆಗಬಾರದು ಅಂತ ಸಿಬ್ಬಂದಿ ಪೆನ್ಸಿಲ್ ಒಡ್ಡಿ ಬಿಗಿ ಹಿಡ್ಕೊಂಡು ನಿಂತ್ರು. ಇತ್ತ ಮಿಕ್ಸಿಂಗ್ ಮೇಜಿನಲ್ಲಿ ಯಾವುದನ್ನ ಏರಿಸಬೇಕು, ಯಾವುದನ್ನ ಇಳಿಸಬೇಕು ಅಂತ ಆ ಕ್ಷಣದಲ್ಲೇ ತೀರ್ಮಾನ. ಲೆನನ್ ಧ್ವನೀನ ಹ್ಯಾಮಂಡ್ ಆರ್ಗನ್‌ಗೆ ಬಳಸೋ ಗಿರಗಿರ ತಿರುಗೋ ಸ್ಪೀಕರಿಂದ ಹಾಯಿಸಿದ್ರು. ಹಾಡಿಡೀ ಒಂದೇ ಶ್ರುತಿ ಹಿಡ್ಕೊಂಡು ನಿಲ್ಲುತ್ತೆ, ನಮ್ಮ ತಂಬೂರಿ ಮೇಲೆ ನಿಂತ ಹಾಗೆ. ನಾನು ದಿನವಿಡೀ ಮಿಕ್ಸಿಂಗ್ ಮೇಜಿನ ಮುಂದೆ ಕೂತಿರೋಳು. ಆ ಹಾಡು ಕೇಳಿದಾಗೆಲ್ಲ ನನ್ನ ಕೆಲಸ ಹುಟ್ಟಿದ್ದು ಅವತ್ತು ಅನ್ನಿಸುತ್ತೆ.

ಚಿಕ್ಕಪ್ಪ: ಚೆನ್ನಾಗಿ ಹೇಳ್ದೆ. ಆದ್ರೆ ನೀನು ಹೊಗಳ್ತಾ ಇರೋದು ಬ್ಯಾಂಡನ್ನಲ್ಲ. ಜಾರ್ಜ್ ಮಾರ್ಟಿನ್ ಅನ್ನೋ ನಿರ್ಮಾಪಕನ್ನ, ಇಎಂಐ ಕಂಪನಿಯ ಎಂಜಿನಿಯರುಗಳನ್ನ.

ಹುಡುಗಿ: ಮಾರ್ಟಿನ್ ಬೇರೆಯವರ ಜೊತೆನೂ ಕೆಲಸ ಮಾಡಿದ್ದ, ಬೇರೆಯವರಿಗೆ ಇದು ಹೊಳೀಲಿಲ್ಲ. ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ತಗೊಳ್ಳಿ. ಎರಡು ರೆಕಾರ್ಡಿಂಗ್ ಇತ್ತು. ಒಂದು ಮೆತ್ತಗೆ, ಇನ್ನೊಂದು ಟ್ರಂಪೆಟ್ಟು ಚೆಲ್ಲೋ ಸೇರಿ ಭಾರವಾಗಿ. ಲೆನನ್‌ಗೆ ಮೊದಲನೇದರ ಶುರು ಬೇಕು, ಎರಡನೇದರ ಕೊನೆ ಬೇಕು. ಎರಡರ ಶ್ರುತೀನೂ ಬೇರೆ, ವೇಗಾನೂ ಬೇರೆ. ಮಾರ್ಟಿನ್, ಜೆಫ್ ಎಮರಿಕ್ ಸೇರಿ ಟೇಪಿನ ವೇಗ ಹೆಚ್ಚುಕಡಿಮೆ ಮಾಡಿ ಎರಡನ್ನೂ ಒಂದು ಶ್ರುತಿಗೆ ತಂದು, ಕತ್ತರಿ ಹಾಕಿ, ಅಂಟಿಸಿದ್ರು. ಸುಮಾರು ಒಂದು ನಿಮಿಷದ ಹತ್ರ ಆ ಬೆಸುಗೆ ಇದೆ. ಗೊತ್ತಿದ್ದು ಕೇಳಿದ್ರೆ ಹಾಡಿನ ಕಾಲಡಿ ನೆಲ ಜಾರಿದ ಹಾಗಾಗುತ್ತೆ. ಗೊತ್ತಿಲ್ದೆ ಕೇಳಿದ್ರೆ ಏನೋ ಕನಸು ಗಾಢ ಆಯ್ತು ಅನ್ನಿಸುತ್ತೆ ಅಷ್ಟೆ. ನಿಮ್ಮ ಡೇವ್ ಸ್ಪೀಕರಿಗೆ ಬ್ಲೇಡು ಹಾಕಿದ, ಇವರು ಕಾಲಕ್ಕೇ ಕತ್ತರಿ ಹಾಕಿದ್ರು. ಕೇಳಿದ್ದು ಲೆನನ್. ಹಾಗೆ ಕೇಳೋ ತಲೆ ಬೇಕಲ್ಲ?

ಚಿಕ್ಕಪ್ಪ: ಆ ರೆಕಾರ್ಡಿನ ಇನ್ನೊಂದು ಬದಿ ‘ಪೆನ್ನಿ ಲೇನ್’. 1967ರ ಫೆಬ್ರವರಿ. ಅಷ್ಟು ಒಳ್ಳೇ ರೆಕಾರ್ಡು ಇಂಗ್ಲೆಂಡಿನ ಪಟ್ಟೀಲಿ ಒಂದನೇ ಸ್ಥಾನಕ್ಕೆ ಏರಲೇ ಇಲ್ಲ. ತಡೆದವನು ಯಾರು ಹೇಳು? ಎಂಗೆಲ್ಬರ್ಟ್ ಹಂಪರ್ಡಿಂಕ್. ಹುಟ್ಟಿದ್ದು ನಮ್ಮ ಪಕ್ಕದ ಮದ್ರಾಸಲ್ಲಿ! ಬೀಟಲ್ಸ್ ಹೊರಗೆ ಹಾಕಿದ ಹಳೇ ಡ್ರಮ್ಮರ್ ಪೀಟ್ ಬೆಸ್ಟ್ ಹುಟ್ಟಿದ್ದೂ ಮದ್ರಾಸಲ್ಲೇ. ಮದ್ರಾಸಿಗೂ ಅವರಿಗೂ ಏನೋ ಲೆಕ್ಕ ಬಾಕಿ ಇತ್ತು ಅನ್ನಿಸುತ್ತೆ.

ಹುಡುಗಿ: ಮಾತು ತಪ್ಪಿಸ್ಬೇಡಿ. ‘ಪೆನ್ನಿ ಲೇನ್’ ಲಿವರ್‌ಪೂಲಿನ ಬೀದಿ. ‘ಸ್ಟ್ರಾಬೆರಿ ಫೀಲ್ಡ್’ ಲೆನನ್ ಮನೆ ಹತ್ರದ ಅನಾಥಾಲಯ. ಸ್ವಂತ ಬೀದಿ ಹಾಡಿದವರು ಕಿಂಕ್ಸ್ ಮಾತ್ರ ಅಂದ್ರಲ್ಲ? ರೇ ಡೇವಿಸ್ ‘ವಾಟರ್ಲೂ ಸನ್‌ಸೆಟ್’ ಬರೆಯೋಕೆ ಕೂತಾಗ ಮೊದಲು ಅದು ಲಿವರ್‌ಪೂಲಿನ ಸೂರ್ಯಾಸ್ತವೇ ಆಗಿತ್ತು. ‘ಪೆನ್ನಿ ಲೇನ್’ ಬಂದದ್ದು ನೋಡಿ ಲಂಡನ್ನಿಗೆ ಬದಲಾಯಿಸಿದ. ಇದನ್ನ ಅವನೇ ಹೇಳ್ಕೊಂಡಿದ್ದಾನೆ.

ಚಿಕ್ಕಪ್ಪ: ಬದಲಾಯಿಸಿದ್ದು ಒಳ್ಳೇದೇ ಆಯ್ತು. ಅವನು ಬೀದಿ ಹಾಡೋಕೆ ಶುರು ಮಾಡಿದ್ದು 67ರಲ್ಲಲ್ಲ ಕಣೆ, 65ರಲ್ಲಿ. ಆ ವರ್ಷ ಏನಾಯ್ತು ಗೊತ್ತಾ? ಮೇ ತಿಂಗಳಲ್ಲಿ ಕಾರ್ಡಿಫ್‌ನ ವೇದಿಕೆ ಮೇಲೇ ಜಗಳ. ಡೇವ್ ಡ್ರಮ್ ಸೆಟ್ಟಿಗೆ ಒದ್ದ. ಡ್ರಮ್ಮರ್ ಮಿಕ್ ಏವರಿ ಸೆಟ್ಟಿನ ಒಂದು ಕಬ್ಬಿಣದ ಭಾಗ ಎತ್ಕೊಂಡು ಅವನ ತಲೆಗೆ ಬಿಟ್ಟ. ಹದಿನಾರು ಹೊಲಿಗೆ! ಸತ್ತೇ ಹೋದ ಅಂದ್ಕೊಂಡು ಏವರಿ ಓಡಿಹೋದ. ಹೇಗೋ ರಾಜಿಯಾಗಿ ಬೇಸಿಗೇಲಿ ಅಮೆರಿಕಕ್ಕೆ ಹೋದ್ರು. ಅಲ್ಲೂ ಜಗಳ. ಅಲ್ಲಿನ ಸಂಗೀತಗಾರರ ಸಂಘ ಇವರಿಗೆ ಅನುಮತಿ ಕೊಡೋದನ್ನೇ ನಿಲ್ಲಿಸಿಬಿಡ್ತು, 1969ರವರೆಗೆ. ಎಲ್ಲಾ ಬ್ರಿಟಿಷ್ ಬ್ಯಾಂಡುಗಳೂ ಅಮೆರಿಕದಲ್ಲಿ ಹಣ ಬಾಚ್ಕೊಳ್ತಾ ಇದ್ದ ಕಾಲ ಅದು. ಇವರಿಗೆ ಬಾಗಿಲು ಬಂದ್.

ಹುಡುಗಿ: ಅದು ನಷ್ಟ. ನೀವು ಅದನ್ನೇ ಪದಕ ಮಾಡ್ತಾ ಇದ್ದೀರಿ.

ಚಿಕ್ಕಪ್ಪ: ನಷ್ಟವೇ. ದುಡ್ಡಿನ ಲೆಕ್ಕದಲ್ಲಿ ದೊಡ್ಡ ನಷ್ಟ. ಆದ್ರೆ ಯಾರನ್ನ ಮೆಚ್ಚಿಸೋಕೆ ಆ ದನಿ ಕಟ್ಟಿದ್ರೋ ಅವರು ಕೇಳೋದೇ ಇಲ್ಲ ಅಂದ್ಮೇಲೆ ಆ ದನಿ ಯಾಕೆ? ರೇ ಮನೆಗೆ ಬಂದು ಕೂತ. ಲಂಡನ್ನಿನ ಉತ್ತರಕ್ಕೆ ಮಸ್ವೆಲ್ ಹಿಲ್ ಅಂತ. ಎಂಟು ಮಕ್ಕಳ ಮನೆ. ಮೊದಲ ಆರೂ ಹೆಣ್ಣು, ಕೊನೇ ಎರಡು ಇವರಿಬ್ಬರು. ಮುಂದಿನ ಕೋಣೇಲಿ ಪಿಯಾನೋ. ಶನಿವಾರ ರಾತ್ರಿ ಅಪ್ಪ ಪಬ್ಬಿಂದ ಜನ ಕರ್ಕೊಂಡು ಬಂದ್ರೆ ಎಲ್ಲರೂ ಹಾಡೋದು. ರೇಗೆ ಹದಿಮೂರು ತುಂಬೋ ಹೊತ್ತಿಗೆ ಅಕ್ಕ ರೆನೆ ಅವನಿಗೆ ಗಿಟಾರ್ ಕೊಡಿಸಿದಳು. ಹೃದಯದ ಕಾಯಿಲೆಯವಳು. ಅದೇ ರಾತ್ರಿ ಕುಣಿಯೋಕೆ ಹೋದವಳು ಅಲ್ಲೇ ತೀರಿಕೊಂಡಳು. ಇನ್ನೊಬ್ಬಳು ಅಕ್ಕ ರೋಸಿ. ಗಂಡ ಆರ್ಥರ್ ಜೊತೆ ಆಸ್ಟ್ರೇಲಿಯಾಕ್ಕೆ ವಲಸೆ ಹೋದಳು. ಆಗ ಹತ್ತು ಪೌಂಡ್ ಕೊಟ್ರೆ ಹಡಗು ಹತ್ತಿಸ್ತಾ ಇದ್ರು, ಸಾಮ್ರಾಜ್ಯ ಗೆದ್ದ ದೇಶದ ಕೆಲಸಗಾರರು ಬೇರೆ ಕಡೆ ಬದುಕು ಹುಡುಕ್ಕೊಂಡು ಹೊರಟಿದ್ರು. ರೇ 1966ರಲ್ಲಿ ರೋಸಿನ ಮನೆಗೆ ವಾಪಸ್ ಕರೆಯೋ ಹಾಡು ಬರೆದ. 1969ರಲ್ಲಿ ಭಾವನ ಹೆಸರಲ್ಲೇ ‘ಆರ್ಥರ್’ ಅನ್ನೋ ಪೂರ್ತಿ ಆಲ್ಬಮ್ ಬಂತು. ಯಾವ ರಾಕ್ ಬ್ಯಾಂಡು ಭಾವನ ಬಗ್ಗೆ ಆಲ್ಬಮ್ ಮಾಡಿದೆ ಹೇಳು? ಎಲ್ಲರೂ ಪ್ರೇಯಸಿ ಬಗ್ಗೆನೇ ಹಾಡೋರು.

ಹುಡುಗಿ: ಇದು ನನಗೆ ಗೊತ್ತಿರಲಿಲ್ಲ. ಆಸ್ಟ್ರೇಲಿಯಾಕ್ಕೆ ಹೋದ ಭಾವ! ನಮ್ಮಲ್ಲಿ ಎಲ್ಲರ ಮನೇಲೂ ಒಬ್ಬ ಇದ್ದಾನೆ.

ಚಿಕ್ಕಪ್ಪ: ಅದಕ್ಕೇ ಹೇಳೋದು. 1966ರ ಜುಲೈನಲ್ಲಿ ಕಿಂಕ್ಸ್‌ನ ‘ಸನ್ನಿ ಆಫ್ಟರ್‌ನೂನ್’ ಒಂದನೇ ಸ್ಥಾನಕ್ಕೆ ಬಂತು, ಬೀಟಲ್ಸ್‌ನ ‘ಪೇಪರ್‌ಬ್ಯಾಕ್ ರೈಟರ್’ನ ಕೆಳಗಿಳಿಸಿ. ವಿಷಯ ಏನು? ಆದಾಯ ತೆರಿಗೆ. ಆ ವರ್ಷವೇ ಬೀಟಲ್ಸ್‌ನ ಹ್ಯಾರಿಸನ್ನೂ ತೆರಿಗೆ ಮೇಲೆ ಹಾಡು ಬರೆದ. ಅವನದು ಸಿಟ್ಟು. ರೇಯದು ಬೇರೆ ವರಸೆ. ಎಲ್ಲ ಕಳ್ಕೊಂಡ ಒಬ್ಬ ಶ್ರೀಮಂತ ಬಿಸಿಲಲ್ಲಿ ಮೈಚಾಚಿ ಕೂತಿದ್ದಾನೆ. ನಗಬೇಕೋ ಅಯ್ಯೋ ಅನ್ನಬೇಕೋ ನಿನಗೇ ಬಿಟ್ಟದ್ದು. ಬ್ಯಾಂಕಲ್ಲಿ ಕೌಂಟರ್ ಹಿಂದೆ ಕೂತು ಅಂಥವರನ್ನ ನಾನು ದಿನಾ ನೋಡ್ತಿದ್ದೆ.

ಚಿಕ್ಕಮ್ಮ: ಕಾಫಿ ಆರಿಹೋಗ್ತಾ ಇದೆ. ಇಬ್ಬರೂ ವಕೀಲರ ಹಾಗೆ ಇಸವಿ ಹೇಳ್ತಾ ಕೂತಿದ್ದೀರಿ. ನಾನೊಂದು ಮಾತು ಹೇಳ್ಲಾ? ನೀವು ಹೇಳಿದ ಬ್ಯಾಂಡನ್ನ ನೀವಿಬ್ಬರೂ ಕಣ್ಣಾರೆ ನೋಡಿಲ್ಲ. ನಾನು ಸ್ಟೋನ್ಸ್‌ನ ನೋಡಿದ್ದೀನಿ. 2003ರ ಏಪ್ರಿಲ್, ಅರಮನೆ ಮೈದಾನ.

ಚಿಕ್ಕಪ್ಪ: ನಲವತ್ತು ವರ್ಷ ಆದ್ಮೇಲೆ ನೋಡಿದ್ದು ಅರವತ್ತರ ದಶಕ ಆಗುತ್ತೇನೆ?

ಚಿಕ್ಕಮ್ಮ: ಬ್ಯಾಂಡು ಅದೇ ತಾನೇ? ಜ್ಯಾಗರ್ ಕುಣೀತಿದ್ದ, ಎಲ್ಲರೂ ಅವನನ್ನೇ ನೋಡ್ತಿದ್ರು. ನಾನು ದೊಡ್ಡ ಪರದೇಲಿ ಹಿಂದೆ ಕೂತಿದ್ದ ಚಾರ್ಲಿ ವಾಟ್ಸ್‌ನ ನೋಡ್ತಿದ್ದೆ. ಬ್ಯಾಂಕ್ ಮ್ಯಾನೇಜರ್ ಥರ ಮುಖ. ಎಡಗೈ ಡ್ರಮ್ಮಿಗೆ ಬೀಳುವಾಗ ಬಲಗೈನ ತಟ್ಟೆ ಮೇಲಿಂದ ಎತ್ತಿಬಿಡೋನು. ಪ್ರತೀ ಸಲ. ಹೊಡೆಯೋಕಿಂತ ಹೊಡೀದೇ ಇರೋದರ ಮೇಲೇ ಗಮನ ಇದ್ದ ಹಾಗೆ.

ಹುಡುಗಿ: ಚಿಕ್ಕಮ್ಮ, ಅದು ನೀವು ಹೇಗೆ ಗಮನಿಸಿದ್ರಿ? ಅವನ ಗುಟ್ಟೇ ಅದು! ಹೆಚ್ಚಿನ ಡ್ರಮ್ಮರುಗಳು ಸ್ನೇರ್ ಹೊಡೆಯುವಾಗ ಹೈ-ಹ್ಯಾಟನ್ನೂ ಹೊಡೀತಾರೆ. ಅವನು ಬಿಡ್ತಿದ್ದ. ಅದರಿಂದ ಸ್ನೇರಿನ ಪೆಟ್ಟಿನ ಸುತ್ತ ಜಾಗ ಸಿಗುತ್ತೆ, ತಾಳ ಉಸಿರಾಡುತ್ತೆ.

ಚಿಕ್ಕಮ್ಮ: ಮೃದಂಗ ಕಲಿತವಳು ನಾನು. ಬ್ಯಾಂಡು ಅಂದ್ರೆ ನಾಲ್ಕು ಜನ ಒಬ್ಬರನ್ನೊಬ್ಬರು ಕೇಳಿಸ್ಕೊಂಡು ನುಡಿಸೋದು. ಪುಟ್ಟಿ ಹೇಳೋ ಬೀಟಲ್ಸು ಕೊನೆಕೊನೆಗೆ ಜನರ ಮುಂದೆ ನಿಲ್ಲೋದನ್ನೇ ಬಿಟ್ಟರಲ್ಲ?

ಹುಡುಗಿ: ಬಿಟ್ರು, 1966ರ ಆಗಸ್ಟಲ್ಲಿ, ಸ್ಯಾನ್‌ ಫ್ರಾನ್ಸಿಸ್ಕೋದಲ್ಲಿ. ಯಾಕೆ ಅಂತ ಕೇಳಿ. ಹಿಂದಿನ ವರ್ಷ ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ 55,000ಕ್ಕೂ ಮಿಕ್ಕಿ ಜನ. ವೇದಿಕೆ ಮೇಲೆ ಅವರಿಗೆ ಅವರ ಸದ್ದೇ ಕೇಳಿಸೋಕೆ ಮಾನಿಟರ್ ಸ್ಪೀಕರ್ ಅನ್ನೋದೇ ಇಲ್ಲ. ಹಾಡಿನ ದನಿ ಹೋಗ್ತಾ ಇದ್ದದ್ದು ಆಟದ ಘೋಷಣೆ ಕೂಗೋ ಸ್ಪೀಕರಿಂದ. ಕಿರುಚಾಟದಲ್ಲಿ ರಿಂಗೋಗೆ ಹಾಡು ಎಲ್ಲಿಗೆ ಬಂತು ಅಂತ ತಿಳಿಯೋಕೆ ಮುಂದಿನವರ ಬೆನ್ನು ಅಲ್ಲಾಡೋದನ್ನ ನೋಡಬೇಕಿತ್ತು. ನೀವೇ ಅಂದ್ರಲ್ಲ, ಒಬ್ಬರನ್ನೊಬ್ಬರು ಕೇಳಿಸ್ಕೊಳ್ಳೋದು ಬ್ಯಾಂಡು ಅಂತ. ಹಾಗೆ ಕೇಳಿಸ್ಕೊಳ್ಳೋಕೆ ಅವರಿಗೆ ಉಳಿದಿದ್ದ ಒಂದೇ ಜಾಗ ಸ್ಟುಡಿಯೋ.

ಚಿಕ್ಕಮ್ಮ: ಅದೂ ಸರಿಯೇ. ಆದ್ರೂ ನನ್ನ ಓಟು ಸ್ಟೋನ್ಸ್‌ಗೆ.

ಚಿಕ್ಕಪ್ಪ: ಸ್ಟೋನ್ಸ್‌ಗೆ ಓಟು ಹಾಕೋ ಮುಂಚೆ ಇಯಾನ್ ಸ್ಟ್ಯುವರ್ಟ್‌ನ ನೆನೆಸ್ಕೋ. ಮೊದಲಿಂದ ಇದ್ದ ಪಿಯಾನೋಗಾರ. ನೋಡೋಕೆ ಪಾಪ್ ತಾರೆ ಥರ ಇಲ್ಲ ಅಂತ ಮ್ಯಾನೇಜರ್ ಫೋಟೋದಿಂದ ತೆಗೆದುಹಾಕಿದ. ಆ ಮನುಷ್ಯ ಸಾಮಾನು ಸಾಗಿಸ್ಕೊಂಡು, ರೆಕಾರ್ಡಿಂಗಲ್ಲಿ ಪಿಯಾನೋ ನುಡಿಸ್ಕೊಂಡು ಅವರ ಜೊತೆಗೇ ಉಳಿದ. ನಿಷ್ಠೆ ಅಂದ್ರೆ ಅವನದು. ಬ್ಯಾಂಡಿನದಲ್ಲ.

ಹುಡುಗಿ: ಈ ಲೆಕ್ಕಕ್ಕೆ ಬಂದ್ರೆ ಯಾರೂ ಉಳಿಯಲ್ಲ. ನ್ಯೂಕಾಸಲ್‌ನ ಆನಿಮಲ್ಸ್ ಕಥೆ ಗೊತ್ತಲ್ಲ? ‘ಹೌಸ್ ಆಫ್ ದಿ ರೈಸಿಂಗ್ ಸನ್’ ಒಂದೇ ಟೇಕಲ್ಲಿ ಮುಗೀತು, ನಾಲ್ಕೂವರೆ ನಿಮಿಷದ ಹಾಡು, 1964ರಲ್ಲಿ ಅಷ್ಟುದ್ದದ ಸಿಂಗಲ್ ಯಾರೂ ಬಿಡ್ತಿರಲಿಲ್ಲ. ಐದು ಜನ ಸೇರಿ ಹೊಂದಿಸಿದ ಹಾಡು. ರೆಕಾರ್ಡಿನ ಮೇಲೆ ಐದು ಹೆಸರಿಗೆ ಜಾಗ ಇಲ್ಲ ಅಂತ ಆರ್ಗನ್ ನುಡಿಸಿದ ಆಲನ್ ಪ್ರೈಸ್ ಹೆಸರೊಂದೇ ಹಾಕಿದ್ರು. ರಾಯಲ್ಟಿ ಪೂರ್ತಿ ಅವನೊಬ್ಬನ ಪಾಲಿಗೆ. ನಮ್ಮ ಕಡೆ ಕ್ರೆಡಿಟ್ ಟೈಟಲಲ್ಲಿ ಹೆಸರು ಬಿಟ್ಟುಹೋಯ್ತು ಅಂತ ನಾವು ಒದ್ದಾಡ್ತೀವಲ್ಲ, ಅದೇ ಸಂಕಟ.

ಚಿಕ್ಕಮ್ಮ: ದಿ ಹೂ ಬಗ್ಗೆ ಇಬ್ಬರೂ ಬಾಯೇ ಬಿಡ್ತಿಲ್ಲ?

ಚಿಕ್ಕಪ್ಪ: ಗಿಟಾರ್ ಒಡೆಯೋರಿಗೆ ನಾನು ಬೆಲೆ ಕೊಡಲ್ಲ.

ಹುಡುಗಿ: ಅನ್ಯಾಯ ಮಾಡ್ಬೇಡಿ. ಮೊದಲ ಸಲ ಒಡೆದದ್ದು ಆಕಸ್ಮಿಕ. 1964ರಲ್ಲಿ, ರೈಲ್ವೆ ಹೋಟೆಲ್ ಅನ್ನೋ ಪಬ್ಬಲ್ಲಿ, ಸೂರು ತಗ್ಗು, ಗಿಟಾರಿನ ತಲೆ ಹೋಗಿ ತಾಗಿ ಮುರೀತು. ಜನ ನಕ್ಕರು ಅಂತ ಅವರ ಗಿಟಾರ್‌ಗಾರ ಟೌನ್‌ಶೆಂಡ್ ಉಳಿದದ್ದನ್ನೂ ಪುಡಿ ಮಾಡಿದ. ನನಗೆ ಅದಕ್ಕಿಂತ ಆಂಪ್ಲಿಫೈಯರ್ ಕಥೆ ಇಷ್ಟ. ಡ್ರಮ್ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ ಹತ್ರ ಹೋಗಿ ಇನ್ನೂ ಜೋರು ಬೇಕು, ಇನ್ನೂ ಜೋರು ಬೇಕು ಅಂತ ಕಾಡಿದ್ರು. ಎಂಟು ಸ್ಪೀಕರಿನ ಪೆಟ್ಟಿಗೆ ಮಾಡಿಸ್ಕೊಂಡ್ರು. ಹೊರೋರು ಸೊಂಟ ಮುರೀತು ಅಂದಾಗ ಅದನ್ನ ಅರ್ಧ ಕುಯ್ದು ಒಂದರ ಮೇಲೊಂದು ಇಟ್ರು. ಇವತ್ತು ಕಾಲೇಜು ಉತ್ಸವದ ವೇದಿಕೆ ಮೇಲೂ ಆ ಜೋಡಿ ಪೆಟ್ಟಿಗೆ ಕಾಣುತ್ತೆ. ಅವರ ‘ಟಾಮಿ’ ಆಲ್ಬಮ್ ಅರ್ಪಣೆ ಆಗಿರೋದು ಪುಣೇಲಿ ಹುಟ್ಟಿದ ಮೆಹೆರ್ ಬಾಬಾಗೆ, ಅದೂ ಗೊತ್ತಿರಲಿ.

ಚಿಕ್ಕಪ್ಪ: ಮೂರನೇ ಸ್ಥಾನ ಕೊಡೋಣ. ಸ್ಟೋನ್ಸ್ ನಾಲ್ಕು.

ಚಿಕ್ಕಮ್ಮ: ನಿಮ್ಮ ಕಾಫಿ ನೀವೇ ಮಾಡ್ಕೊಳ್ಳಿ.

ಹುಡುಗಿ: ಚಿಕ್ಕಪ್ಪ, ನೇರ ಕೇಳ್ತೀನಿ. 1968ರ ನವೆಂಬರ್ 22. ಇಂಗ್ಲೆಂಡಿನ ಅಂಗಡೀಲಿ ಒಂದೇ ದಿನ ಎರಡು ಆಲ್ಬಮ್. ಬೀಟಲ್ಸ್‌ನ ಬಿಳಿ ರಟ್ಟಿನ ಜೋಡಿ ಆಲ್ಬಮ್ಮು, ಕಿಂಕ್ಸ್‌ನ ‘ವಿಲೇಜ್ ಗ್ರೀನ್ ಪ್ರಿಸರ್ವೇಷನ್ ಸೊಸೈಟಿ’. ಮೊದಲನೇದನ್ನ ಲಕ್ಷಗಟ್ಟಲೆ ಜನ ಕೊಂಡ್ರು. ಎರಡನೇದು ಪಟ್ಟಿಗೇ ಬರಲಿಲ್ಲ. ಕಾಲ ಹಾಗೆ ತೀರ್ಪು ಕೊಟ್ಟ ಮೇಲೆ ನೀವು ಯಾವ ಕೋರ್ಟಿಗೆ ಹೋಗ್ತೀರಿ?

ಚಿಕ್ಕಪ್ಪ: ಜನ ಕೊಂಡದ್ದೇ ತೀರ್ಪು ಅಂದ್ರೆ ನಿನ್ನ ‘ಸ್ಟ್ರಾಬೆರಿ ಫೀಲ್ಡ್ಸ್’ಗಿಂತ ಹಂಪರ್ಡಿಂಕ್ ದೊಡ್ಡವನು. ಒಪ್ತೀಯಾ? ಸೆಪ್ಟೆಂಬರಲ್ಲೇ ಹನ್ನೆರಡು ಹಾಡಿನ ಆಲ್ಬಮ್ ಸಿದ್ಧವಾಗಿತ್ತು. ರೇ ತಡೆದು ಹದಿನೈದು ಮಾಡಿದ. ಆ ವರ್ಷ ಪ್ಯಾರಿಸ್ಸಲ್ಲಿ ವಿದ್ಯಾರ್ಥಿಗಳು ಬೀದಿ ಕಲ್ಲು ಕೀಳ್ತಿದ್ರು, ಸ್ಟೋನ್ಸ್ ಬೀದಿ ಹೋರಾಟದ ಮೇಲೆ ಹಾಡ್ತಿದ್ರು. ಇವನು ಊರ ಮುಂದಿನ ಹುಲ್ಲುಬಯಲು, ಹಳೇ ಗೆಳೆಯ, ಕೊನೇ ಉಗಿಬಂಡಿ, ಫೋಟೋ ಆಲ್ಬಮ್ಮು ಅಂತ ಕೂತಿದ್ದ. ಇಪ್ಪತ್ತನಾಲ್ಕು ವರ್ಷದ ಹುಡುಗ! ಅವನು ಹಳೇದನ್ನ ಬರೀ ಹೊಗಳ್ತಾನೆ ಅಂದ್ಕೊಂಡವರು ಸರಿಯಾಗಿ ಕೇಳಿಲ್ಲ. ಆ ಹಾಡುಗಳಲ್ಲಿ ಹಳೇ ಗೆಳೆಯ ಸಿಕ್ರೆ ಮಾತಾಡೋಕೆ ಏನೂ ಉಳಿದಿಲ್ಲ ಅನ್ನೋ ಭಯಾನೂ ಇದೆ. ಕಾಪಾಡ್ಕೋಬೇಕು ಅಂತ ಹಾಡ್ತಾ ಹಾಡ್ತಾ ಕಾಪಾಡೋಕಾಗಲ್ಲ ಅಂತಾನೂ ಗೊತ್ತವನಿಗೆ. ಬಿಳಿ ಆಲ್ಬಮ್ಮಲ್ಲಿ ಮೂವತ್ತು ಹಾಡಿದೆ, ಮೂರು ಜನ ಮೂರು ದಿಕ್ಕಿಗೆ ನೋಡ್ತಿದ್ದಾರೆ. ಇದರಲ್ಲಿ ಹದಿನೈದೂ ಒಂದೇ ಊರಲ್ಲಿ ನಡೆಯುತ್ತೆ.

ಹುಡುಗಿ: ಆ ಒಂದು ಆಲ್ಬಮ್ಮಿನ ಮಟ್ಟಿಗೆ ಸೋತೆ. ಬಿಳಿ ಆಲ್ಬಮ್ಮಲ್ಲಿ ಜಳ್ಳಿದೆ, ಅದು ನನಗೂ ಗೊತ್ತು. ಆದ್ರೆ ಆಲ್ಬಮ್ ಬೇರೆ, ಬ್ಯಾಂಡು ಬೇರೆ. ಅತ್ಯುತ್ತಮ ಆಲ್ಬಮ್ ಅಂತಷ್ಟೇ ಆದ್ರೆ ನಾನು ಜಾಂಬೀಸ್‌ನ ‘ಒಡೆಸ್ಸಿ ಅಂಡ್ ಒರಾಕಲ್’ ತರ್ತಿದ್ದೆ. ಅಬ್ಬೆ ರೋಡಲ್ಲೇ 1967ರಲ್ಲಿ ಮಾಡಿದ್ದು. ಹೊರಗೆ ಬರೋ ಹೊತ್ತಿಗೆ ಬ್ಯಾಂಡೇ ಒಡೆದುಹೋಗಿತ್ತು. ಅದರ ಒಂದು ಹಾಡು 1969ರಲ್ಲಿ ಅಮೆರಿಕದಲ್ಲಿ ಮೂರನೇ ಸ್ಥಾನಕ್ಕೆ ಬಂದಾಗ ಬ್ಯಾಂಡೇ ಇಲ್ಲ. ಹಾಡಿದ ಕಾಲಿನ್ ಬ್ಲನ್‌ಸ್ಟನ್ ಬ್ಯಾಂಡು ಒಡೆದ ಮೇಲೆ ವಿಮೆ ಕಂಪನಿ ಕಚೇರಿ ಸೇರ್ಕೊಂಡಿದ್ದ.

ಚಿಕ್ಕಪ್ಪ: ವಿಮೆ ಕಚೇರೀಲಿ! ಪಾಪ.

ಹುಡುಗಿ: ಬ್ಯಾಂಡು ಅಂದ್ರೆ ಎಷ್ಟು ದೂರ ನಡೆದ್ರು ಅನ್ನೋದು. 1962ರ ಜನವರಿ ಒಂದನೇ ತಾರೀಕು ಡೆಕ್ಕಾ ಕಂಪನಿ ಪರೀಕ್ಷೆ ಮಾಡಿ ಬೇಡ ಅಂದ ಹುಡುಗರು, ಎಂಟು ವರ್ಷದಲ್ಲಿ ಅಲ್ಲಿಂದ ‘ಅಬ್ಬೆ ರೋಡ್’ ಆಲ್ಬಮ್‌ವರೆಗೆ ಬಂದ್ರು. ಕಿಂಕ್ಸ್ ತಮ್ಮ ಬೀದಿ ಕಂಡ್ಕೊಂಡ್ರು ಅಂದ್ರಿ, ಒಪ್ಪಿದೆ. ಬೀಟಲ್ಸ್ ಬೀದೀನೂ ಕಂಡ್ರು, ಅಲ್ಲಿಂದ ಹೊರಟೂ ಹೋದ್ರು. ಹೋಗೋವಾಗ ನನ್ನಂಥವರಿಗೆ ಕೆಲಸದ ಸಾಮಾನು ಬಿಟ್ಟುಹೋದ್ರು.

ಚಿಕ್ಕಪ್ಪ: ‘ಸಾರ್ಜೆಂಟ್ ಪೆಪ್ಪರ್’ ನಾನೂ ಎಷ್ಟೋ ಸಲ ಹಾಕಿ ಕೇಳಿದ್ದೀನಿ ಕಣೆ. ಎಲ್ಲರೂ ಹೇಳೋ ಆ ದೊಡ್ಡಸ್ತಿಕೆ ನನ್ನ ಕಿವಿಗೆ ಬೀಳಲ್ಲ. ಹಾಡು ಒಂದು ಕಿವೀಲಿ, ಡ್ರಮ್ಮು ಇನ್ನೊಂದು ಕಿವೀಲಿ, ಮಧ್ಯೆ ಟೊಳ್ಳು.

ಹುಡುಗಿ: ಒಂದ್ನಿಮಿಷ. ನಿಮ್ಮ ಹತ್ರ ಇರೋದು ಮೋನೋನೋ ಸ್ಟೀರಿಯೋನೋ?

ಚಿಕ್ಕಪ್ಪ: ಸ್ಟೀರಿಯೋ. ಯಾಕೆ?

ಹುಡುಗಿ: ಅಯ್ಯೋ! ಬೀಟಲ್ಸ್ ವಾರಗಟ್ಟಲೆ ಕೂತು ಮಿಕ್ಸ್ ಮಾಡಿಸಿದ್ದು ಮೋನೋನ. ಸ್ಟೀರಿಯೋನ ಅವರಿಲ್ಲದಾಗ ಸಿಬ್ಬಂದಿ ಕೆಲವೇ ದಿನದಲ್ಲಿ ಮುಗಿಸಿದ್ದು. ಆಗ ಅಲ್ಲಿ ಹೆಚ್ಚಿನವರ ಮನೇಲಿ ಇದ್ದದ್ದು ಒಂದೇ ಸ್ಪೀಕರು. ಇಷ್ಟು ವರ್ಷ ನೀವು ಆ ರೆಕಾರ್ಡನ್ನ ಕೇಳೇ ಇಲ್ಲ ಅನ್ನಿ!

ಚಿಕ್ಕಪ್ಪ: ನನ್ನ ‘ವಿಲೇಜ್ ಗ್ರೀನ್’ ಯಾವುದು ಅಂತ ಈಗ ನೋಡಬೇಕಾಯ್ತು. ನೀನು ಮೋನೋ ಪೆಪ್ಪರ್ ತಗೊಂಡು ಬಾ, ಕೂತು ಕೇಳ್ತೀನಿ. ಕೇಳಿ ಆದ್ಮೇಲೂ ಕಿಂಕ್ಸೇ ಅಂತೀನಿ, ಆ ಮಾತು ಬೇರೆ.